ಏರು ಮುಗಿದ ಜಾಗ

ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಮತ್ತೆ ಮತ್ತೆ ಒತ್ತುತ್ತ ವೀರಪ್ಪ ನಾಗಪ್ಪನ ಎಡಗಾಲನ್ನು ಮಡಚಲು ನೋಡುತ್ತಿದ್ದ. ಬಲಗಾಲು ಹೇಗೋ ಬಾಗಿತ್ತು. ಎಡಗಾಲು ಮಾತ್ರ ಚಾಚಿಕೊಂಡೇ ಇತ್ತು. ಸತ್ತವರನ್ನು ಕುಳ್ಳಿರಿಸಿ ಮಣ್ಣು ಮಾಡುವ ಜನ ಅವರು. ಕಾಲು ಬಾಗದೆ ಗೋಡೆಗೆ ಆನಿಸಿ ಕೂರಿಸುವ ಹಾಗಿರಲಿಲ್ಲ.

“ಜೀವಮಾನ ಪೆಡಲ್ ತುಳಿದ ಕಾಲು. ಈಗ ಕುಂದ್ರು ಅಂದ್ರ ಕೇಳತೈತೇನು,” ಎಂದರು ವಿಭೂತಿ ಕಲಸುತ್ತಿದ್ದ ಅಯ್ಯನವರು.

“ಮೆತ್ತಗ ಮಾಡು ವೀರಪ್ಪ, ನೋವಾದೀತು,” ಎಂದಳು ಪಾರ್ವತವ್ವ. ಹೆತ್ತವಳ ಮಾತಿಗೆ ವೀರಪ್ಪ ಬಟ್ಟೆಯನ್ನು ಮತ್ತೊಮ್ಮೆ ಬಿಸಿನೀರಿಗೆ ಅದ್ದಿದ.

ಹಿಂದಿನ ದಿನ ಸೋಮವಾರ. ನಾಗಪ್ಪ ಶಿರಸಿ ಪೇಟೆಯ ತನ್ನ ಬಾಡಿಗೆ ಸೈಕಲ್ ಅಂಗಡಿಯನ್ನು ಸೋಮವಾರ ತೆರೆಯುತ್ತಿರಲಿಲ್ಲ. ಇಸಳೂರಿನ ಮನೆಯಿಂದ ಹೊರಟು, ಎಕ್ಕಂಬಿ ಕಡೆಗೆ ಹೋಗುವ ಕಾಡಿನ ಹಳೇ ಗಾಡಿರಸ್ತೆ ಹಿಡಿಯುತ್ತಿದ್ದ. ಅಂದೂ ಹಾಗೇ ಹೋದವನು ಸಂಜೆ ಸೊಪ್ಪಿಗೆ ಹೋದವರ ಕಣ್ಣಿಗೆ ಬಿದ್ದ. ಏರಿನ ತುದಿಯಲ್ಲಿ ಸೈಕಲ್ಲನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಮತ್ತಿಮರಕ್ಕೆ ಒರಗಿ, ಕಾಲು ಚಾಚಿ ಕೂತಿದ್ದ. ಎದೆ ನಿಂತು ಬಹಳ ಹೊತ್ತಾಗಿತ್ತು.

ಕೊನೆಗೂ ಕಾಲು ಬಾಗಿತು. ಪದ್ಮಾಸನದಲ್ಲಿ ಕೂರಿಸಿ, ಸೊಂಟಕ್ಕೂ ಹಣೆಗೂ ಬಟ್ಟೆ ಸುತ್ತಿ ಗೋಡೆಯ ಗೂಟಕ್ಕೆ ಕಟ್ಟಿದರು. ವಿಭೂತಿ ಬಳಿದ ಮೇಲೆ ನಾಗಪ್ಪ ಬಂದವರನ್ನು ಮಾತಾಡಿಸಲು ಕೂತವನಂತೆ ಕಂಡ. ಹೆಂಡತಿ ಸಿದ್ದವ್ವ ಒಳಬಾಗಿಲ ಹೊಸ್ತಿಲಲ್ಲಿ ಹೂ ಪೋಣಿಸುತ್ತಿದ್ದಳು. ಬೆಳಗಿನಿಂದ ಒಮ್ಮೆಯೂ ತಲೆಯೆತ್ತಿ ಆ ಗೋಡೆಯ ಕಡೆ ನೋಡಿರಲಿಲ್ಲ.

ಜಗಲಿಯಲ್ಲಿ ನೆರೆಮನೆಯ ಗುರುಶಾಂತವ್ವ ಮಾತು ತೆಗೆದಳು. “ಆ ಸೈಕಲ್ ಗಂಟಿ ನಾ ಎಷ್ಟು ಸಲ ಕೇಳೀನಿ. ಗದ್ದ್ಯಾಗ ಕಳೆ ಕೀಳ್ತಾ ಇದ್ರ ಕಾಡಿನ ಒಳಗಿಂದ ಟ್ರಿಣ್ ಅಂತಿತ್ತು. ಅಲ್ಲಿ ಬಸ್ಸಿಲ್ಲ, ಲಾರಿ ಇಲ್ಲ, ಒಂದು ದನ ಸೈತ ಅಡ್ಡ ಬರೂದಿಲ್ಲ. ಯಾರಿಗೆ ಬಾರಸ್ತಿದ್ದ?”

“ಇದ್ದಿರಬೇಕು ಯಾರರೆ,” ಎಂದಳು ಪಕ್ಕದವಳು, ದನಿ ತಗ್ಗಿಸಿ. “ಗಂಡಸು ವಾರಾ ವಾರಾ ಕಾಡಿಗೆ ಸುಮ್ಮ ಹೋಗ್ತಾನೇನು? ಸಿದ್ದವ್ವಗ ಒಂದು ಕೂಸೂ ಇಲ್ಲ ನೋಡು.”

ತಗ್ಗಿಸಿದ ದನಿ ವೀರಪ್ಪನಿಗೆ ಕೇಳಿಸಿತು. ಅಂಗಡಿಯಲ್ಲಿ ನಾಗಪ್ಪನ ಜೊತೆ ಪಂಕ್ಚರ್ ಹಾಕುತ್ತ ಬೆಳೆದವನು ಅವನು. ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಹಿಂಡಿ ಕೊಡವಿ ಜಗಲಿಗೆ ಬಂದ.

“ಹುಡುಕ್ತಿದ್ದದ್ದು ತಂಗೀನ,” ಎಂದ. “ನಾಲಿಗಿ ಬಿಗಿ ಹಿಡೀರಿ ಒಂದೀಟು. ಸತ್ತಾವ ಎದುರಿಗೇ ಕುಂತಾನ.”

“ಯಾವ ತಂಗಿ? ಗಿರಿಜವ್ವ? ಅಕೀನ ಗಂಡನ ಮನ್ಯಾಗ ಬಿಟ್ಟು ಬಂದಿದ್ನಲ್ಲ. ಅವರ ಏನೋ ಮಾಡಿದ್ರು ಅಕೀನ,” ಎಂದಳು ಗುರುಶಾಂತವ್ವ.

“ಬಿಟ್ಟು ಬಂದಿರಲಿಲ್ಲ.” ವೀರಪ್ಪ ಒಮ್ಮೆ ಒಳಗೆ ನೋಡಿದ, ಗೋಡೆಗೆ ಕಟ್ಟಿದ ಗೆಳೆಯನ ಕಡೆ. “ಹೇಳಬ್ಯಾಡ ಅಂದಿದ್ದ. ಇನ್ನ ಯಾರಿಗೆ ಅಂಜೂದು. ಸೈಕಲ್ ಹಿಂದ ಕುಂದರಿಸ್ಕೊಂಡು ಹೊಂಟಿದ್ದ. ಎಕ್ಕಂಬಿ ಹಳ್ಳ ದಾಟಬೇಕಾದ್ರ ಇಳಿ ಅಂತ ತಿರುಗಿದ್ರ, ಕ್ಯಾರಿಯರ್ ಖಾಲಿ. ಎಲ್ಲಿ ಬಿದ್ಲು, ಯಾವಾಗ ಬಿದ್ಲು, ಏನೂ ಗೊತ್ತಿಲ್ಲ. ಬುದ್ಧಿಮಾತು ಹೇಳ್ಕೋತ ಹೊಂಟಿದ್ನಂತ. ಬರೇ ಗಾಳಿಗೆ ಹೇಳ್ಕೋತ ಎಷ್ಟು ದೂರ ಬಂದಿದ್ನೋ. ಹೊತ್ತು ಮುಳುಗೂತನಕ ಹುಡುಕಿ ಮನಿಗೆ ಬಂದು, ಮುಟ್ಟಿಸಿ ಬಂದೆ ಅಂದ. ನಾಳೆ ಸಿಗತಾಳ, ನಾಡದ್ದು ಸಿಗತಾಳ, ಕರಕೊಂಡು ಹೋಗಿ ಖರೇನ ಮುಟ್ಟಿಸಿದ್ರಾತು ಅಂತ. ಒಮ್ಮೆ ಅಂದ ಮ್ಯಾಲ ಆ ಮಾತು ಹಿಂದಕ್ಕ ತಗೋಳಾಕ ಅವನ ಕೈಲೆ ಆಗಲಿಲ್ಲ.”

ಪಾರ್ವತವ್ವ ಮಗನ ಮುಖವನ್ನೇ ನೋಡುತ್ತಿದ್ದಳು.

“ಅಂದ್ರ ಅವರು ಕೊಂದಿಲ್ಲ,” ಎಂದಳು ಕೊನೆಗೆ. “ಇಷ್ಟು ವರ್ಷ ಅವರ ಮನಿಗೆ ಶಾಪ ಹಾಕೀನಿ ನಾ. ಹಂಗಾರ ಕಾಡಿನಾಗ... ಹುಲಿನೋ, ಎಂತದೋ.”

ಹೊಸ್ತಿಲಲ್ಲಿ ಸಿದ್ದವ್ವನ ಸೂಜಿ ಹೂವಿನ ಬದಲು ಬೆರಳಿಗೆ ಇಳಿದಿತ್ತು.

*

ಐವತ್ತೆಂಟನೇ ಇಸವಿಯ ಸುಗ್ಗಿ. ಗಿರಿಜವ್ವ ಗಂಡನ ಮನೆಯಲ್ಲಿ ಯಾರಿಗೂ ಹೇಳದೆ ನಡೆದೇ ತವರಿಗೆ ಬಂದಿದ್ದಳು. ಮುಂಗೈ ಮೇಲೆ ಸುಟ್ಟ ಗಾಯ. ಒಲೆಯದು ಎಂದಳು. ಒಲೆ ಮುಂಗೈಯನ್ನು ಹಾಗೆ ಸುತ್ತಲೂ ಸುಡುವುದಿಲ್ಲ ಎಂದು ಅಡಿಗೆಮನೆಯ ಹೆಂಗಸರಿಬ್ಬರಿಗೂ ಗೊತ್ತಿತ್ತು. ಆದರೂ ಪಾರ್ವತವ್ವ ಮಗನಿಗೆ, “ಹೊತ್ತು ಮುಳುಗೂದ್ರಾಗ ಮುಟ್ಟಿಸಿ ಬಾ. ಬಸ್ಸಿಗೆ ಹೋಗಬ್ಯಾಡ, ನಾಕು ಮಂದಿ ನೋಡಿ ಆಡ್ಕೋತಾರ. ಕಾಡಿನ ರಸ್ತಾ ಹಿಡಿ,” ಎಂದಿದ್ದಳು.

ಸಿದ್ದವ್ವ ರೊಟ್ಟಿ ಕಟ್ಟಿಕೊಡುವ ನೆವದಲ್ಲಿ ನಾದಿನಿಯನ್ನು ಹಿತ್ತಲಿಗೆ ಕರೆದಳು.

“ಏರು ಬರತೈತಿ ನೋಡು. ಅಲ್ಲಿ ನಿಮ್ಮಣ್ಣ ಎದ್ದು ನಿಂತು ತುಳೀತಾರ. ಏರು ಮುಗಿದ ಕೂಡ್ಲೆ ಸೈಕಲ್ ತಂತಾನ ಹಗುರಾಗತೈತಿ. ಆಗ ಇಳಿ. ಅದಕ್ಕಿಂತ ಮೊದಲ ಇಳಿದ್ರ ಗೊತ್ತಾಗತೈತಿ, ಆಮ್ಯಾಲೆ ಅಂದ್ರ ಇಳಿಜಾರು, ಕಾಲು ಮುರೀತೈತಿ.”

ಸಿದ್ದವ್ವ ತನ್ನ ತವರಿಗೆ ಹೋಗುವಾಗ ಅದೇ ಕ್ಯಾರಿಯರ್ ಮೇಲೆ ಕೂತು ತಿಳಿದದ್ದು ಅದು. ಏರಿನ ತುದಿಗೆ ಬಂದಾಗಲೆಲ್ಲ ನಾಗಪ್ಪ “ಹಗುರಾತು” ಅನ್ನುತ್ತಿದ್ದ, ಭಾರ ಇಳಿಸಿದವಳು ಅವಳೇ ಅನ್ನುವಂತೆ.

“ಎಡಕ್ಕ ಕಾಲುದಾರಿ ಐತಿ. ಗೌಳಿಗರ ದಡ್ಡಿಗೆ, ಅವರ ಗುಡಿಸಲಕೇರಿಗೆ, ಇಳೀತೈತಿ. ಹಾಲಿನವರ ಹೆಂಗಸರ ಜೋಡಿ ಯಲ್ಲಾಪುರದ ರಸ್ತಾ ಮುಟ್ಟು. ಸಾಲ್ಯಾಗ ದೇವಕ್ಕ ಅಂತ ಅಕ್ಕೋರು ಅದಾಳ, ನಮ್ಮೂರಾಕಿ. ನನ್ನ ಹೆಸರು ಹೇಳು. ಪತ್ರಾ ಗಿತ್ರಾ ಬರೀಬ್ಯಾಡ. ಬಂದ್ರ ಓದಿ ಹೇಳಾವರು ನಿಮ್ಮಣ್ಣನ.”

“ಅಣ್ಣಗ ನಡುವ ಗೊತ್ತಾದ್ರ ಅತ್ತಿಗಿ?”

“ಮಾತು ಶುರು ಆತಂದ್ರ ಅವರಿಗೆ ಹಿಂದ ಹಿಟ್ಟಿನ ಚೀಲ ಕುಂತ್ರೂ ಅಷ್ಟ, ನೀ ಕುಂತ್ರೂ ಅಷ್ಟ.”

ಗಿರಿಜವ್ವ ನಕ್ಕಳು. ಆ ಬಾರಿ ತವರಿಗೆ ಬಂದಮೇಲೆ ನಕ್ಕದ್ದು ಅದೊಂದೇ ಸಲ.

ಕತ್ತಲಾದ ಮೇಲೆ ನಾಗಪ್ಪ ಬಂದ. ಸಿದ್ದವ್ವ ನೀರು ಕೊಟ್ಟು ಬೈಗುಳಕ್ಕೆ ಕಾದು ನಿಂತಳು. ಅವನು ತಂಬಿಗೆ ನೋಡುತ್ತ, “ಅವರೂರ ಅಗಸಿಬಾಗ್ಲ ದಾಟಿ ಒಳಗ ಹೋಗೂದು ನೋಡೇ ಬಂದೆ,” ಎಂದ. ಹೇಡಿ, ಇಳಿಯಲೇ ಇಲ್ಲ ಎಂದು ನಾದಿನಿಯ ಮೇಲೆ ಸಿಟ್ಟು ಬಂತು ಅವಳಿಗೆ. ಸುಗ್ಗಿ ಮುಗಿದ ಮೇಲೆ ನಾದಿನಿಯ ಗಂಡನ ಊರಿನಿಂದ ಜನ ಬಂದು, ಹೆಣ್ಣನ್ನು ಯಾವಾಗ ಕಳಿಸುತ್ತೀರಿ ಎಂದು ಕೇಳಿದಾಗ ಆ ಸಿಟ್ಟು ಬೇರೆ ಏನೋ ಆಯಿತು. ಅಗಸಿ ದಾಟಿದವಳು ಮನೆ ಮುಟ್ಟಿಲ್ಲವೆಂದರೆ ಅರ್ಥ ಒಂದೇ: ಅವರೇ ಕೊಂದು, ಏನೂ ಅರಿಯದವರಂತೆ ಕೇಳುತ್ತಿದ್ದಾರೆ. ಯಲ್ಲಾಪುರದಲ್ಲಿ ವಿಚಾರಿಸಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಗಂಡ ಕಣ್ಣಾರೆ ಕಂಡೆ ಅಂದಮೇಲೆ ವಿಚಾರಿಸುವುದೇನಿತ್ತು?

ಆಮೇಲೆ ಸೋಮವಾರಗಳು ಶುರುವಾದವು.

ಬೇಸಿಗೆಯಲ್ಲಿ ಹುಬ್ಬಳ್ಳಿ ಕಡೆಯವರು ತಂಪಿಗೆಂದು ಶಿರಸಿಗೆ ಬಂದು ಅಂಗಡಿಯಲ್ಲಿ ಸೈಕಲ್ ಬಾಡಿಗೆಗೆ ಕೇಳುತ್ತಿದ್ದರು. ಬಸ್ಸು, ಲಾರಿಗಳ ಧೂಳಿಲ್ಲದ ದಾರಿ ಯಾವುದು ಎನ್ನುತ್ತಿದ್ದರು. ನಾಗಪ್ಪ ಖುಷಿಯಿಂದ ಹೇಳುತ್ತಿದ್ದ: ಬನವಾಸಿ ಕಡೆ ಕೆರೆ ಏರಿಯ ಮೇಲಿನ ದಾರಿ, ಸಿದ್ದಾಪುರದತ್ತ ಬಿದಿರ ಮೆಳೆಗಳ ನಡುವಿನ ಗಾಡಿ ಜಾಡು, ಒಣಗಿದೆಲೆ ಬಿದ್ದು ಚಕ್ರದ ಸದ್ದೂ ಕೇಳದ ಅರಣ್ಯದವರ ರಸ್ತೆ. ಎಕ್ಕಂಬಿಯ ಹಳೇ ರಸ್ತೆಯನ್ನು ಮಾತ್ರ ಬೇಡ ಎನ್ನುತ್ತಿದ್ದ.

“ಯಾಕ್ರಿ, ಕೆಟ್ಟೈತೇನು?”

“ಇಲ್ರಿ. ಚಲೋ ಐತಿ. ಯಾರೂ ಇರೂದಿಲ್ಲ ಅಲ್ಲಿ.”

ಸೋಮವಾರ ಸಂಜೆ ಅಂಗಳಕ್ಕೆ ಬಂದು ಇಳಿದವನು ಸ್ಟ್ಯಾಂಡ್ ಹಾಕುವ ಮೊದಲು ಕೈ ಹಿಂದೆ ಚಾಚಿ ಕ್ಯಾರಿಯರನ್ನು ಮುಟ್ಟಿ ನೋಡುತ್ತಿದ್ದ. ಸಿದ್ದವ್ವ ಕಿಟಕಿಯಿಂದ ಕಂಡು ಬೀಸುವ ಕಲ್ಲನ್ನು ನಿಲ್ಲಿಸುತ್ತಿದ್ದಳು. ಆ ಕ್ಯಾರಿಯರ್ ಮೇಲೆ ಯಾರನ್ನೂ ಕೂರಿಸದೆ ವರ್ಷಗಳಾಗಿದ್ದರೂ ಅದರ ಕಡ್ಡಿಗಳು ಸವೆದು ಹೊಳೆಯುತ್ತಿದ್ದವು. ತಂಗಿಯನ್ನು ಕೈಯಾರೆ ಆ ಮನೆಗೆ ಒಪ್ಪಿಸಿದ ಸಂಕಟಕ್ಕೆ ಹೀಗೆ ಅಲೆಯುತ್ತಾನೆ ಎಂದುಕೊಂಡಿದ್ದಳು. ತನ್ನ ಸಂಕಟವೂ ಅಂಥದ್ದೇ, ಇಳಿಸಲಾಗಲಿಲ್ಲವಲ್ಲ ಎಂದು. ಒಂದೇ ತಾಟಿನ ಎದುರು ಇಬ್ಬರೂ ಕೂತು, ಸಾರಿಗೆ ಉಪ್ಪು ಸಾಕೇ ಎಂದಷ್ಟೇ ಮಾತಾಡಿ ಏಳುತ್ತಿದ್ದರು. ಒಂದು ಮಾತು ಸಾಕಿತ್ತು. ಯಾರಾದರೊಬ್ಬರದು.

*

ಬಿದಿರು ಕಟ್ಟಿದ ಮಂಟಪದಂಥ ವಿಮಾನದಲ್ಲಿ ಕೂರಿಸಿ ಹೊತ್ತು ಹೊರಟರು. ಮುಂದೆ ಜಾಗಟೆ, ಹಿಂದೆ ಹೆಂಗಸರು. ಮಸಣದ ಜಾಗ ಹಳೇ ರಸ್ತೆ ಕಾಡು ಹೊಗುವಲ್ಲಿ ಇತ್ತು. ಹೊತ್ತವರು ಹೆಜ್ಜೆ ಬದಲಿಸಿದಾಗಲೆಲ್ಲ ನಾಗಪ್ಪನ ಹೆಗಲು ಅಲುಗುತ್ತಿತ್ತು, ಸವಾರನಂತೆ. ಸಿದ್ದವ್ವ ಈಗ ಅವನನ್ನೇ ನೋಡುತ್ತ ನಡೆಯುತ್ತಿದ್ದಳು.

ಕುಣಿಯೊಳಗಿನ ಗೂಡಿನಲ್ಲಿ ಇಳಿಸಿ, ಅಯ್ಯನವರು ಬಿಲ್ವಪತ್ರೆ ಇಟ್ಟು ಮಂತ್ರ ಹೇಳಿ ಮೇಲೆ ಬಂದರು. ಇನ್ನು ಮಣ್ಣು. ಆ ಮನೆತನದಲ್ಲೊಂದು ನಡಾವಳಿಯಿತ್ತು. ರಕ್ತಸಂಬಂಧಿಗಳು ಒಬ್ಬೊಬ್ಬರೂ ಒಂದು ಹಿಡಿ ಹಾಕಬೇಕು. ದೂರದಲ್ಲಿದ್ದು ಬರಲಾಗದವರ ಪಾಲನ್ನು ಮನೆಯ ಹಿರಿಯರು ಅವರ ಹೆಸರು ಹೇಳಿ ಹಾಕಬೇಕು. ಹೆಸರು ಹೇಳದೆ ಬಿಟ್ಟರೆ ಅವರೂ ಹೋದವರ ಲೆಕ್ಕ.

ಪಾರ್ವತವ್ವ ತನ್ನ ಹಿಡಿ ಹಾಕಿದಳು.

“ಇನ್ನ ಯಾರ ಪಾಲರೆ ಉಳೀತೇನವಾ?” ಎಂದು ಅಯ್ಯನವರು ಪದ್ಧತಿಯಂತೆ ಕೇಳಿದರು.

“ಯಾರದೂ ಇಲ್ರಿ. ಅಣ್ಣ ತಂಗಿ ಒಂದ ಕಾಡಿನಾಗ ಹೋದ್ರು.”

ಗಂಡಸರು ಸಲಿಕೆ ಎತ್ತಿದರು. ಸಿದ್ದವ್ವ ಕುಣಿಯ ಅಂಚಿಗೆ ಬಂದು ಮೊಣಕಾಲೂರಿದಳು. ಗೂಡಿನ ನೆರಳಿನಲ್ಲಿ ವಿಭೂತಿಯ ಹಣೆ ಬಿಳಿಯಾಗಿ ಕಾಣುತ್ತಿತ್ತು.

“ಅಕಿ ಬಿದ್ದಿಲ್ಲ,” ಎಂದಳು ಅವನಿಗೆ. “ಇಳಿದ್ಲು. ಏರು ಮುಗಿದಲ್ಲಿ. ಇಳಿ ಅಂತ ಹೇಳಿದಾಕಿ ನಾನು.”

“ಏನಂದಿ?” ಎಂದಳು ಪಾರ್ವತವ್ವ.

ಸಿದ್ದವ್ವ ತಿರುಗಿ ಅತ್ತೆಗೆ ಎಲ್ಲವನ್ನೂ ಹೇಳಿದಳು. ಹಿತ್ತಲು, ಗೌಳಿದಡ್ಡಿ, ದೇವಕ್ಕ. ಅಗಸಿ ದಾಟಿದಳೆಂದು ಗಂಡ ಹೇಳಿದ್ದನ್ನು ತಾನು ನಂಬಿದ್ದು. ದನಿ ಏರಲಿಲ್ಲ, ಇಳಿಯಲೂ ಇಲ್ಲ.

“ಗಂಡನ್ನ ಬರೇ ರಸ್ತಾದ ಮ್ಯಾಲ ತಿರುಗಿಸಿ ತಿರುಗಿಸಿ ಕೊಂದಿ,” ಎಂದಳು ಗುರುಶಾಂತವ್ವ.

ಪಾರ್ವತವ್ವ ಬಗ್ಗಿ ಇನ್ನೊಂದು ಹಿಡಿ ಮಣ್ಣು ತೆಗೆದಳು.

“ಹೆಸರು ಹೇಳಿ ಹಾಕವಾ,” ಎಂದರು ಅಯ್ಯನವರು.

ಅವಳು ಹಾಕಲಿಲ್ಲ. ಸೆರಗಿನ ತುದಿಗೆ ಸುರಿದು ಗಂಟು ಕಟ್ಟಿದಳು. “ಯಲ್ಲಾಪುರದ ಬಸ್ಸು ಎಷ್ಟಕ್ಕ ವೀರಪ್ಪ?”

“ನಾಳೆ ಮುಂಜಾನೆ ಐತಿ ಯವ್ವಾ, ಶಿರಸಿಯಿಂದ. ಈಗ ಎಲ್ಲಿ...”

“ಶಿರಸಿತನಕ ನಡಿಯೂದರೆ ಆಗತೈತಲ್ಲ.”

“ಅತ್ತಿ, ಅಕಿ ಮುಟ್ಟಿದ್ಲೋ ಇಲ್ಲೋ ನನಗೂ ಗೊತ್ತಿಲ್ಲ,” ಎಂದಳು ಸಿದ್ದವ್ವ. “ಅಲ್ಲಿ ಇರದಿದ್ರ?”

“ಇದ್ರ ಕರಕೊಂಡು ಬಂದು ಅಕಿ ಕೈಲೇ ಹಾಕಸ್ತೀನಿ. ಇರದಿದ್ರ ಅಲ್ಲೇ ಸುರದು ಬರ್ತೀನಿ.”

ಹಿಂದೆ ಸಲಿಕೆಗಳ ಸದ್ದು ಶುರುವಾಯಿತು. ಮುದುಕಿ ಆಗಲೇ ರಸ್ತೆಗೆ ಇಳಿದಿದ್ದಳು. ಹಸಿಮಣ್ಣಿನ ಕೆಂಪು ಸೆರಗಿನಿಂದ ಒಸರಿ ಬೆರಳುಗಳಿಗೆ ಹತ್ತುತ್ತಿತ್ತು. ಸಿದ್ದವ್ವ ಓಡಿ ಬಂದು, ಕೊಡ್ರಿ ನಾ ಹಿಡೀತೀನಿ ಎಂದು ಕೈ ಚಾಚಿದಳು. ಪಾರ್ವತವ್ವ ಗಂಟನ್ನು ಆಚೆಯ ಕೈಗೆ ಬದಲಿಸಿ, ಈಚೆಯ ಕೈಯಿಂದ ಸೊಸೆಯ ಮುಂಗೈಯನ್ನು ಹಿಡಿದಳು. ಬಿಡಿಸಿಕೊಳ್ಳಲಾಗದಷ್ಟು ಬಿಗಿಯಾಗಿ ಹಿಡಿದು, ಮುಖ ನೋಡದೆ ನಡೆದಳು.