ಆಚೆ ಬದಿಯ ಚಹಾ

ಗುರುದೇವಿಯವರು ರಸ್ತೆಯಲ್ಲಿ ನಡೆಯುವುದಿಲ್ಲ, ರಸ್ತೆಯನ್ನು ಹೊಲಿಯುತ್ತಾರೆ. ಈ ಬದಿಯ ಒಂದು ಬಾಗಿಲು ತಟ್ಟಿ, ವಾಹನಗಳ ಸಂದಿನಲ್ಲಿ ದಾಟಿ, ಆ ಬದಿಯ ಒಂದು ಬಾಗಿಲು ತಟ್ಟಿ, ಮತ್ತೆ ಈ ಬದಿಗೆ ಮರಳಿ, ಹೀಗೆ ಕೌದಿಗೆ ಸೂಜಿ ಹಾಕುವ ಮುದುಕಿಯ ಕೈಯಂತೆ ನಿಧಾನವಾಗಿ, ಎಡಗಾಲನ್ನು ತುಸು ಎಳೆಯುತ್ತ ಸಾಗುವ ಆ ಸ್ಥೂಲಕಾಯವನ್ನು, ಪರದೇಶದ ಈ ಮಹಾನಗರದಲ್ಲಿ, ಕೆಂಟನ್ ಬಡಾವಣೆಯ ಸುತ್ತಮುತ್ತಲಿನ ಬಸ್ ಚಾಲಕರೆಲ್ಲ ಬಲ್ಲರು. ಇಳಕಲ್ ಸೀರೆಯ ಮೇಲೆ ಗಂಡ ಶಾಂತಪ್ಪನವರ ಬೂದು ಕೋಟು. ಶಾಂತಪ್ಪನವರು ಗಟ್ಟಿಮುಟ್ಟಾಗಿಯೇ ಇದ್ದಾರೆ, ಕೋಟು ಮಾತ್ರ ಕೈತಪ್ಪಿದೆ. ಹೆಂಗಸರ ಕೋಟಿಗೆ ಕಿಸೆ ಇಡುವವರಿಗೆ ಹೆಂಗಸರ ಕೆಲಸವೇ ಗೊತ್ತಿಲ್ಲವೆಂಬುದು ಆಕೆಯ ಬಹುಕಾಲದ ದೂರು. ಯಾರು ಎಂಥ ಗೋಳು ತೋಡಿಕೊಂಡರೂ ಪೂರ್ತಿ ಕೇಳಿ, ಕೊನೆಗೆ ಒಂದೇ ಮಾತು: "ಆತು, ಮುಂದ?" ಸಮಾಧಾನ ಹೇಳುವ ಅಭ್ಯಾಸ ಆಕೆಗಿಲ್ಲ.

ಆ ರಸ್ತೆಯ ನಡುವಿನ ಬಿಳಿ ಗೆರೆ ಎರಡು ಕೌನ್ಸಿಲ್‌ಗಳ, ಅಂದರೆ ಎರಡು ಸ್ಥಳೀಯ ಆಡಳಿತಗಳ, ಗಡಿ. ಅವುಗಳ ಹೆಸರು ಬೇಡ. ಹೆಸರು ಹೇಳಿದರೆ ಎರಡೂ ಆಚೆ ಬದಿಯತ್ತ ಕೈ ತೋರಿಸುತ್ತವೆ. ಗುರುದೇವಿಯವರು ಈ ಬದಿಯ ಕೌನ್ಸಿಲರ್ ಆಗಿದ್ದರು. ಆ ಬದಿಯವರ ಒಂದು ಮತವೂ ಅವರಿಗೆ ಬೀಳುವಂತಿರಲಿಲ್ಲ.

ಇದು ಅವರಿಗೆ ತಿಳಿದದ್ದೇ ತಡವಾಗಿ. ಮೊದಲ ಚುನಾವಣೆಯಲ್ಲಿ, ಪಕ್ಷದ ಪ್ರಚಾರ ನೋಡಿಕೊಳ್ಳುತ್ತಿದ್ದ ಬೆಂಗಳೂರಿನ ಹುಡುಗ ವಸಿಷ್ಠ ಕರಪತ್ರದ ಕಟ್ಟು ಕೊಟ್ಟು ಕಳಿಸಿದರೆ, ಇವರು ಇಡೀ ಶನಿವಾರ ಆಚೆ ಬದಿಯಲ್ಲೇ ಕಳೆದರು. ನಿಪ್ಪಾಣಿ ಕಡೆಯ ಹೆಣ್ಣುಮಗಳಿಗೆ ಓಣಿಯೆಂದರೆ ಎದುರುಬದುರು ಮನೆ. ಅರ್ಧ ಓಣಿ ಬೇರೆಯವರದೆಂದು ಊಹಿಸುವುದಾದರೂ ಹೇಗೆ?

"ಮೇಡಂ, ಆ ಸೈಡಿನವರು ನಮಗೆ ವೋಟ್ ಹಾಕೋಕೇ ಆಗಲ್ಲ. ಇಡೀ ದಿನ ವೇಸ್ಟ್," ಎಂದು ವಸಿಷ್ಠ ತಲೆ ಚಚ್ಚಿಕೊಂಡ.

"ವೇಸ್ಟ್ ಹೆಂಗಾತಪಾ? ಮನಿಮನ್ಯಾಗ ಚಾ ಕುಡಿಸ್ಯಾರ. ಋಣ ಬಂತಲ್ಲ ತಲಿ ಮ್ಯಾಲೆ."

ಹುಡುಗ ನಕ್ಕ. ಅದು ನಗೆಮಾತೆಂದು ಭಾವಿಸಿದವನು ಅವನೊಬ್ಬನೇ ಅಲ್ಲ.

ಗೆದ್ದ ಮೇಲೆ ಸ್ಟ್ಯಾನ್ಮೋರ್‌ನಲ್ಲಿ ನಮ್ಮ ಕನ್ನಡಿಗರ ಸಂಘ ಸನ್ಮಾನ ಮಾಡಿತು: ಶಾಲು, ಹಣ್ಣಿನ ಬುಟ್ಟಿ, ಹೆಂಗಸಿನ ತಲೆಯ ಮೇಲೆ ನಿಲ್ಲದೆ ಜಾರುತ್ತಿದ್ದ ಮೈಸೂರು ಪೇಟ. ಅಧ್ಯಕ್ಷ ನರಸಿಂಹಮೂರ್ತಿಯವರು "ನಮ್ಮ ಹೆಮ್ಮೆ" ಎಂಬ ಪದವನ್ನು ಎಷ್ಟು ಸಲ ಬಳಸಿದರೆಂದರೆ ಕೊನೆಗೆ ಅದರ ಬಣ್ಣವೇ ಹೋಯಿತು.

ಆಮೇಲೆ ಹಾಸಿಗೆಯ ಪ್ರಕರಣ. ಯಾರೋ ಪುಣ್ಯಾತ್ಮರು ರಸ್ತೆಬದಿಗೆ ಹಳೆಯ ಹಾಸಿಗೆಯೊಂದನ್ನು ಎಸೆದರು. ಈ ಬದಿಯವರು ಅದನ್ನು ಗೆರೆ ದಾಟಿಸಿದರು, ಆ ಬದಿಯವರು ಮರಳಿ ದಾಟಿಸಿದರು. ವೀಸಾದ ಗೊಡವೆಯಿಲ್ಲದೆ ಗಡಿ ದಾಟುವ ಭಾಗ್ಯ ಈ ದೇಶದಲ್ಲಿ ಅದೊಂದಕ್ಕೇ ಇತ್ತು. ಗುರುದೇವಿಯವರು ಅದನ್ನು ರಸ್ತೆ ನಡುವಿನ ಕಟ್ಟೆಗೆ ಎಳೆಸಿ, ಅದರ ಮೇಲೆ ಕೂತು, ಎರಡೂ ಕೌನ್ಸಿಲ್‌ಗೆ ಫೋನು ಮಾಡಿದರು. ಮಧ್ಯಾಹ್ನದೊಳಗೆ ಎರಡು ಲಾರಿ ಬಂದವು.

ನಗುವಷ್ಟು ಸುಲಭವಲ್ಲದ್ದು ಹಾಲ್‌ನ ವಿಷಯ. ಈ ಬದಿಯಲ್ಲಿ ಕೌನ್ಸಿಲ್ ನಡೆಸುವ ಹಾಲ್ ಒಂದಿದೆ. ಮಂಗಳವಾರ ವಯಸ್ಸಾದವರಿಗೆ ಬಿಸಿ ಊಟ, ಚಹಾ, ಇಸ್ಪೀಟು. ಬರುವವರಲ್ಲಿ ಅರ್ಧದಷ್ಟು ಆಚೆ ಬದಿಯವರು. ಅವರಲ್ಲೊಬ್ಬರು ಉಡುಪಿ ಕಡೆಯ ಕ್ಯಾಜಿಟನ್. ಪಾರ್ಕ್ ರಾಯಲ್‌ನ ಬ್ರೆಡ್ ಕಾರ್ಖಾನೆಯಲ್ಲಿ ಆಯುಷ್ಯ ಸವೆಸಿದ ಈ ಹಿರಿಯರಿಗೆ, ಹೆಂಡತಿ ನ್ಯಾನ್ಸಿ ತೀರಿಕೊಂಡ ಮೇಲೆ, ವಾರದಲ್ಲಿ ಬಾಯಿ ತೆರೆದು ಮಾತಾಡುವ ಸ್ಥಳ ಅದೊಂದೇ. ಗುರುದೇವಿಯವರ ಪಕ್ಷವೇ ಒಂದು ಗೊತ್ತುವಳಿ ತಂದಿತು: ಖರ್ಚು ಉಳಿಸಲು ಇನ್ನು ಮುಂದೆ ಈ ಬದಿಯ ನಿವಾಸಿಗಳಿಗಷ್ಟೇ ಪ್ರವೇಶ, ಬಾಗಿಲಲ್ಲಿ ಕಾರ್ಡು ತೋರಿಸಬೇಕು. ವಿರುದ್ಧ ಕೈಯೆತ್ತಿದವರಿಗೆ ಮುಂದಿನ ಚುನಾವಣೆಯಲ್ಲಿ ಟಿಕೆಟ್ ಇಲ್ಲ.

ನರಸಿಂಹಮೂರ್ತಿಯವರು ಮನೆಗೇ ಬಂದರು. "ಸ್ವಲ್ಪ ಪ್ರಾಕ್ಟಿಕಲ್ ಆಗಿ ಯೋಚನೆ ಮಾಡಿ, ಗುರುದೇವಿಯವರೇ. ನಮ್ಮೋರು ಅಂತ ಒಬ್ಬರು ಅಲ್ಲಿರಬೇಕು. ಆಚೆ ಕಡೆಯವರು ನಮ್ಮ ಜವಾಬ್ದಾರಿ ಅಲ್ಲವಲ್ಲ."

"ನಮ್ಮೂರಾಗ ಬಾವಿ ಮಹಾರಾಷ್ಟ್ರದಾಗಿತ್ರಿ, ಕೊಡ ಕರ್ನಾಟಕದ್ದು. ನೀರ ಸೇದಾಕ ಯಾರೂ ಕಾರ್ಡ್ ಕೇಳಲಿಲ್ಲ."

'ನಮ್ಮೋರು' ಎಂಬ ಆ ಪದ ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಈ ದೇಶದಲ್ಲಿ ಬಾಗಿಲಲ್ಲಿ ತಡೆಸಿಕೊಂಡು ನಿಂತು, ಕಾಗದ ತೋರಿಸಿ ಒಳಗೆ ಬಂದವರು ನಾವು. ಒಳಗೆ ಕಾಲಿಟ್ಟ ಮರುಕ್ಷಣ ಬಾಗಿಲ ಚಿಲಕ ಎಲ್ಲಿದೆಯೆಂದು ಹುಡುಕುತ್ತೇವೆ.

ಗೊತ್ತುವಳಿಯನ್ನು ವಿರೋಧಿಸುವುದು ಬೇಡವೆಂದವರಲ್ಲಿ ಕ್ಯಾಜಿಟನ್ನರೂ ಇದ್ದರು. ಇಸ್ಪೀಟು ಕಲೆಸುತ್ತಲೇ ಹೇಳಿದರು: "ಬಾಯಮ್ಮ, ನಮಗಾಗಿ ನೀವು ಸೀಟು ಕಳಕೊಳ್ಳುವುದು ಬೇಡ. ನನ್ನ ಓಟು ನಿಮಗೆ ಬೀಳುವುದಿಲ್ಲ ಅಲ್ವಾ, ಮತ್ತೆ ಎಂತಕ್ಕೆ ಈ ರಗಳೆ?"

"ನಾ ಮೊದಲನೇ ಸಲ ಬಂದಾಗ ನಿಮ್ಮ ನ್ಯಾನ್ಸಿಯವರು ಶುಂಠಿ ಚಾ ಕೊಟ್ರಲ್ರೀ. ಅದರಾಗ ಓಟು ಕಲಸಿ ಕೊಟ್ಟಿದ್ರೇನು?"

ಕ್ಯಾಜಿಟನ್ನರು ಎಲೆ ಹಂಚಿದರು, ಆಕೆಯ ಮುಂದೂ ಒಂದು ಪಾಲು ಇಟ್ಟರು.

ಸಭೆಯ ದಿನ ನಾನು ಸಾರ್ವಜನಿಕರ ಸಾಲಿನಲ್ಲಿದ್ದೆ. ಭಾಷಣವೇನೂ ಇರಲಿಲ್ಲ. ವಿರೋಧಿಸುವವರು ಕೈಯೆತ್ತಿ ಎಂದಾಗ ಗುರುದೇವಿಯವರ ಪಕ್ಷದ ಸಾಲಿನಲ್ಲಿ ಬೂದು ಕೋಟಿನ ತೋಳೊಂದೇ ಮೇಲೆದ್ದಿತು. ಸುತ್ತ ಕೂತವರು ಕಾಗದಗಳಲ್ಲಿ ಮುಖ ಹುದುಗಿಸಿದರು. ವಿರೋಧ ಪಕ್ಷದವರ ಕೈಗಳ ಜೊತೆ ಸೇರಿದ ಆ ಒಂದೇ ಕೈಯಿಂದ ಗೊತ್ತುವಳಿ ಬಿತ್ತು. ಟಿಕೆಟ್ಟೂ ಹೋಯಿತು.

ಮೇ ತಿಂಗಳಲ್ಲಿ ಅವರು ಪಕ್ಷೇತರರಾಗಿ ನಿಂತರು. ಅವರ ಪರವಾಗಿ ಮನೆಮನೆ ತಿರುಗಿದವರೆಲ್ಲ ಆಚೆ ಬದಿಯವರು, ಮತವಿಲ್ಲದವರು. ಊರುಗೋಲು ಊರಿಕೊಂಡು ಗೆರೆ ದಾಟಿ ಬಂದ ಅಂಥ ಪ್ರಚಾರದ ಮೆರವಣಿಗೆಯನ್ನು ಈ ಮಹಾನಗರ ಕಂಡಿರಲಾರದು. ಈ ಬದಿಯಲ್ಲಿ ಅವರಿಗೆ ಹಾರ ಹಾಕಿದ ಕೈಗಳೇ ಅವರೆದುರು ಗುಂಡಿ ತೋಡಿದವು. ಸೋತರು, ಚೆನ್ನಾಗಿಯೇ ಸೋತರು.

ಮರುವಾರದ ಮಂಗಳವಾರ ಹಾಲ್‌ಗೆ ಅದೇ ಕೋಟು ಬಂತು. ಚಹಾದ ಸರದಿ ಕ್ಯಾಜಿಟನ್ನರದು. "ಈಗ ನೀವು ಕೌನ್ಸಿಲರ್ ಅಲ್ಲ, ಎಂತದೂ ಅಲ್ಲ ಮಾರಾಯ್ರೆ. ನಿಮಗೆ ಚಾ ಕೊಡಬಹುದಾ ಅಂತ ನಾವು ಮೀಟಿಂಗ್ ಮಾಡಬೇಕು," ಎನ್ನುತ್ತಲೇ ಲೋಟ ಮುಂದಿಟ್ಟರು. ಅದರಲ್ಲಿ ಶುಂಠಿಯ ವಾಸನೆಯಿತ್ತು. ಗುರುದೇವಿಯವರು ಕಣ್ಣು ಕೆಳಗೆ ಹಾಕಿ, ಒಂದೊಂದೇ ಗುಟುಕಾಗಿ ಪೂರ್ತಿ ಕುಡಿದರು. ಆಮೇಲೆ ಸೆರಗಿನಿಂದ ತುಟಿ ಒರೆಸಿಕೊಂಡು, ತನ್ನ ಫ್ಲ್ಯಾಟಿನ ಕೆಟ್ಟ ಲಿಫ್ಟಿನ ಕತೆ ಹೇಳಲು ಕಾದು ಕೂತಿದ್ದ ಆಚೆ ಬದಿಯ ಮುದುಕಿಯತ್ತ ತಿರುಗಿದರು.

"ಆತು, ಮುಂದ?"

ಗಡಿಯಲ್ಲಿ ಹುಟ್ಟಿ ಬೆಳೆದವರ ಜಾತಿಯೇ ಇದು. ಅವರು ಗೆರೆಯನ್ನು ಅಳಿಸಲು ಹೋಗುವುದಿಲ್ಲ, ಅದರ ವಿರುದ್ಧ ಘೋಷಣೆ ಕೂಗುವುದೂ ಇಲ್ಲ. ಗೆರೆಯ ಆಚೆಗೂ ಒಲೆ ಉರಿಯುತ್ತದೆಂಬುದನ್ನು ಮರೆಯಲು ಅವರಿಗೆ ಬರುವುದಿಲ್ಲ, ಅಷ್ಟೆ. ಮತ ಕೊಟ್ಟವರಿಗೆ ಉತ್ತರ ಹೇಳಬೇಕೆಂಬುದು ಕಾನೂನು. ಚಹಾ ಕೊಟ್ಟವರಿಗೂ ಉತ್ತರ ಹೇಳಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ, ಆದ್ದರಿಂದ ಅದನ್ನು ಇಂಥವರೇ ಹೇಳಬೇಕಾಗುತ್ತದೆ. ಇಂಥವರು ಸಿಕ್ಕಾಗ ನಾವು ಶಾಲು ಹೊದಿಸುತ್ತೇವೆ. ಮತದ ಚೀಟಿ ಕೈಗೆ ಬಂದಾಗ ಮಾತ್ರ ಅವರ ಹೆಸರು ನಮಗೆ ಕಾಣಿಸುವುದಿಲ್ಲ.