ವೈಜಯಂತಿಯ ಹೆಸರಿಗೆ ಬಂದ ಉತ್ತರ

ನಮ್ಮ ಸಭೆಯ ರಿಜಿಸ್ಟರಿನಲ್ಲಿ ತೀರಿಕೊಂಡವರ ಹೆಸರಿನ ಮೇಲೆ ಕೆಂಪು ಗೆರೆ ಎಳೆಯುವುದು ಕಾರ್ಯದರ್ಶಿಯ ಕೆಲಸ. ಹತ್ತೊಂಬತ್ತು ವರ್ಷಗಳಿಂದ ಆ ಕಾರ್ಯದರ್ಶಿ ನಾನೇ, ಚಂದ್ರಮೋಹನ. ಬೇರೆ ಯಾರೂ ಮುಂದೆ ಬರಲಿಲ್ಲ ಎನ್ನುವುದು ನಿಜ, ಬಂದಿದ್ದರೂ ನಾನು ಬಿಟ್ಟುಕೊಡುತ್ತಿರಲಿಲ್ಲ ಎನ್ನುವುದೂ ನಿಜ. ಕೇಂದ್ರ ಸರ್ಕಾರದಲ್ಲಿ ಸೆಕ್ಷನ್ ಆಫೀಸರಾಗಿ ನಿವೃತ್ತನಾದವನಿಗೆ ಒಂದು ರಿಜಿಸ್ಟರಾದರೂ ಕೈಯಲ್ಲಿರಬೇಕು. ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಹಾಕಿ, ‘ಪ್ರಭುವಿನಲ್ಲಿ ನಿದ್ರಿಸಿದರು’ ಎಂದು ಬರೆಯಬೇಕು. ಹೀಗೆ ನಲವತ್ತೊಂದು ಹೆಸರುಗಳಿಗೆ ಎಳೆದಿದ್ದೇನೆ. ನನ್ನ ಹೆಂಡತಿ ವೈಜಯಂತಿಯ ಹೆಸರಿಗೆ ಮಾತ್ರ ಎಳೆದಿರಲಿಲ್ಲ.

ಅವಳು ಹೋಗಿದ್ದು ಎರಡನೇ ಅಲೆಯ ಕೊರೊನಾದಲ್ಲಿ, ಏಪ್ರಿಲ್ ಕೊನೆಯ ವಾರ. ನಾನೂ ಜ್ವರದಲ್ಲಿ ಮಲಗಿದ್ದೆ. ಮಣ್ಣು ಮಾಡಿದ್ದನ್ನು ಯಾರೋ ಫೋನಿನಲ್ಲಿ ತೋರಿಸಿದರು, ಅದೂ ನಡುವೆ ನಡುವೆ ನಿಂತು ನಿಂತು ಬಂತು. ಗುಣವಾಗಿ ಎದ್ದ ಮೇಲೆ ಎಷ್ಟೋ ಸಲ ರಿಜಿಸ್ಟರ್ ತೆರೆದೆ, ಪೆನ್ನಿನ ಮುಚ್ಚಳ ತೆಗೆದೆ, ಮತ್ತೆ ಮುಚ್ಚಿಟ್ಟೆ. ಬೇರೆಯವರು ಹೀಗೆ ಮಾಡಿದ್ದರೆ ನಿಯಮ ತೋರಿಸಿ ತರಾಟೆಗೆ ತೆಗೆದುಕೊಳ್ಳುತ್ತಿದ್ದೆ.

ನಮ್ಮದು ದೆಹಲಿಯ ಕನ್ನಡ ಸಭೆ. ಸ್ವಂತ ಚರ್ಚಿಲ್ಲ. ಜನಕಪುರಿಯಲ್ಲಿ ಹಿಂದಿಯವರ ಚರ್ಚನ್ನು ನಮಗೆ ಭಾನುವಾರ ಮಧ್ಯಾಹ್ನ ಮೂರರಿಂದ ಐದರವರೆಗೆ ಕೊಡುತ್ತಾರೆ. ಐದು ಹೊಡೆಯುವ ಮೊದಲೇ ಮಲಯಾಳಿಗಳು ಬಾಗಿಲಲ್ಲಿ ನಿಂತು ಗಡಿಯಾರ ನೋಡತೊಡಗುತ್ತಾರೆ. ಅಷ್ಟರೊಳಗೆ ಕೀರ್ತನೆ, ಪ್ರಸಂಗ, ಪ್ರಾರ್ಥನೆ, ಚಹಾ, ಜಗಳ ಎಲ್ಲ ಮುಗಿಯಬೇಕು.

ಜನವರಿಯ ಮೊದಲ ಭಾನುವಾರ ಮಾತ್ರ ವಿಶೇಷ. ಅದು ಒಡಂಬಡಿಕೆಯ ಭಾನುವಾರ. ದೇವರಿಗೆ ಕೊಟ್ಟ ಮಾತನ್ನು ಪ್ರತಿಯೊಬ್ಬರೂ ಹೊಸದಾಗಿ ಕೊಡುವ ದಿನ. ರಿಜಿಸ್ಟರಿನ ಹೆಸರುಗಳನ್ನು ಒಂದೊಂದಾಗಿ ಓದುತ್ತಾರೆ, ಹೆಸರು ಬಂದವರು ಎದ್ದು ನಿಂತು ‘ಇದ್ದೇನೆ’ ಎನ್ನಬೇಕು. ಕಾಯಿಲೆ ಬಿದ್ದವರ, ಊರಿಗೆ ಹೋದವರ ಪರವಾಗಿ ಮನೆಯವರು ಉತ್ತರ ಕೊಡಬಹುದು. ಆದರೆ ಆಗಲೂ ‘ಇದ್ದಾರೆ’ ಎನ್ನುವ ಹಾಗಿಲ್ಲ, ‘ಇದ್ದೇನೆ’ ಎಂದೇ ಹೇಳಬೇಕು. ಮಾತು ಕೊಡುವವರು ಅವರು, ಬಾಯಿ ಮಾತ್ರ ನಮ್ಮದು. ಇದನ್ನು ಶುರು ಮಾಡಿದವರು ಯಾರೋ ತಿಳಿಯದು, ನಾನು ಬರುವ ಮೊದಲಿಂದ ಇದೆ. ಗೆರೆ ಬಿದ್ದ ಹೆಸರನ್ನು ಓದುವುದಿಲ್ಲ.

ವೈಜಯಂತಿ ಹೋದ ಮೇಲೆ ನಾಲ್ಕು ಜನವರಿಗಳಲ್ಲಿ ನಾನೇ ಪಟ್ಟಿ ಓದಿದೆ. ಅವಳ ಹೆಸರು ಬಂದಾಗ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತಿದ್ದೆ. ಯಾರೂ ಏನೂ ಕೇಳಲಿಲ್ಲ.

ಕಳೆದ ವರ್ಷ ನಮ್ಮ ಪ್ರಾಂತ್ಯದ ಸಭಾಡಳಿತದಿಂದ ಒಂದು ಸುತ್ತೋಲೆ ಬಂತು. ಬರುವುದು ನವೀಕರಣದ ವರ್ಷವಂತೆ. ಹೊಸ ಜನ ಬರಬೇಕು, ಯುವಕರ ಕೈಗೆ ಜವಾಬ್ದಾರಿ ಹೋಗಬೇಕು, ಹೀಗೆ ಎರಡು ಪುಟ. ಸುತ್ತೋಲೆಯ ಬೆನ್ನಿಗೇ ಹೊಸ ಸಭಾಪಾಲಕರು ಬಂದರು, ರೆವರೆಂಡ್ ವಿಕ್ರಮ್, ವಯಸ್ಸು ಮೂವತ್ತನಾಲ್ಕು. ಬಿಳಿ ಅಂಗಿಯ ಕೆಳಗೆ ಓಟದ ಬೂಟು, ಬೆನ್ನಿಗೆ ಗಿಟಾರು. ನನಗೆ ಮೊದಲ ದಿನವೇ ಮೈ ಉರಿಯಿತು. ಆದರೆ ಇದ್ದದ್ದನ್ನು ಹೇಳಬೇಕು, ಆರು ತಿಂಗಳಲ್ಲಿ ಗುರುಗ್ರಾಮ, ನೋಯ್ಡಾ ಕಡೆಯ ಇಪ್ಪತ್ತು ಯುವಕ ಯುವತಿಯರು ಬರತೊಡಗಿದರು. ಕನ್ನಡ ಮಾತಾಡಲು ಒಂದು ಜಾಗ ಸಿಕ್ಕಿತು, ಜೊತೆಗೆ ಬಿಸಿಬೇಳೆಬಾತೂ ಸಿಗುತ್ತದೆ ಎಂದು ಹಿಂದೂ ಮನೆಯ ಗೆಳೆಯರನ್ನೂ ಕರೆತಂದರು. ಬೆಂಚುಗಳು ತುಂಬಿದವು. ಒಂದು ಕಾಲಕ್ಕೆ ಈ ಬೆಂಚುಗಳನ್ನು ತುಂಬಿಸಲು ನಾನು ಏನು ಮಾಡಿದ್ದೆ ಎನ್ನುವುದನ್ನು ಮುಂದೆ ಹೇಳುತ್ತೇನೆ.

ಡಿಸೆಂಬರಿನಲ್ಲಿ ವಿಕ್ರಮ್ ಮನೆಗೇ ಬಂದು, ಈ ಸಲ ಪಟ್ಟಿಯನ್ನು ಅನನ್ಯಾ ಓದಲಿ ಎಂದರು. ಅನನ್ಯಾ ಇಲ್ಲೇ ಹುಟ್ಟಿ ಬೆಳೆದ ಹುಡುಗಿ, ಅವಳ ತಾಯಿ ನರ್ಸು. ಕನ್ನಡ ಅರ್ಥವಾಗುತ್ತದೆ, ಓದಲು ಈಗ ಕಲಿಯುತ್ತಿದ್ದಾಳೆ. ಹೆಸರುಗಳನ್ನು ತಪ್ಪು ಓದಿದರೆ ಜನರಿಗೆ ಬೇಸರವಾಗುತ್ತದೆ ಎಂದೆ. ಅಭ್ಯಾಸ ಮಾಡಿಸುತ್ತೇನೆ ಎಂದರು. ನನ್ನಿಂದ ಒಂದೇ ಒಂದು ಮಾತು ಬರಬೇಕಿತ್ತು: ಮೂವತ್ತೇಳನೆಯ ಹೆಸರನ್ನು ಓದಬೇಡಿ. ಅದನ್ನು ಹೇಳಿದರೆ ಯಾಕೆ ಓದಬಾರದು ಎನ್ನುವುದನ್ನೂ ಹೇಳಬೇಕಾಗುತ್ತಿತ್ತು. ಆಗ ಗೆರೆ ಎಳೆಯಲೇಬೇಕಾಗುತ್ತಿತ್ತು. ಸುಮ್ಮನೆ ರಿಜಿಸ್ಟರ್ ಎತ್ತಿ ಕೊಟ್ಟೆ.

ಆ ಭಾನುವಾರ ಮಧ್ಯಾಹ್ನವೂ ಮಂಜು ಕರಗಿರಲಿಲ್ಲ. ಒಳಗೆ ಎಲ್ಲ ಟ್ಯೂಬ್‌ಲೈಟ್ ಹಾಕಿದ್ದರು. ಜನ ಶಾಲು, ಸ್ವೆಟರ್, ಮಂಕಿ ಕ್ಯಾಪ್‌ಗಳಲ್ಲಿ ಮುದುಡಿ ಕೂತಿದ್ದರು. ನಾನು ಮುಂದಿನ ಬೆಂಚಿನಲ್ಲಿದ್ದೆ. ಅನನ್ಯಾ ನಿಧಾನವಾಗಿ, ಒಂದೊಂದೇ ಅಕ್ಷರಕ್ಕೆ ಹೆದರುತ್ತ ಓದಿದಳು. ಒಂದೂ ತಪ್ಪಲಿಲ್ಲ. ಮೂವತ್ತಾರು ಆಯಿತು.

ಅವಳು ‘ವೈಜಯಂತಿ’ ಎಂದಳು.

‘ಇದ್ದೇನೆ’ ಎಂದು ಉತ್ತರ ಬಂತು.

ಅದು ನನ್ನ ಹೆಂಡತಿಯ ದನಿ. ಮೂವತ್ತೆರಡು ವರ್ಷ ಕೇಳಿದ ದನಿ, ಸ್ವಲ್ಪ ಒಡಕು, ಕೊನೆಯಲ್ಲಿ ಇಳಿದುಹೋಗುವ ದನಿ. ಎಡಗಡೆ ಹೆಂಗಸರ ಬೆಂಚುಗಳತ್ತ ತಿರುಗಿದೆ. ಯಾರೂ ನಿಂತಿರಲಿಲ್ಲ. ಎಲ್ಲರೂ ತಲೆ ತಗ್ಗಿಸಿದ್ದರು. ಅನನ್ಯಾ ಒಂದು ಕ್ಷಣ ತಡೆದು ಮೂವತ್ತೆಂಟನೆಯ ಹೆಸರಿಗೆ ಹೋದಳು. ನನಗೆ ಭಯವಾಯಿತು. ಭಯದ ಜೊತೆಗೆ ಅಳುವಷ್ಟು ಸಂತೋಷವೂ ಆಯಿತು.

ಚಹಾ ಕುಡಿಯುವ ಹೊತ್ತಿಗೆ ಅನನ್ಯಾಳನ್ನು ಹಿಡಿದು, ಉತ್ತರ ಕೊಟ್ಟವರು ಯಾರು ಎಂದು ಕೇಳಿದೆ. ಅವಳು ಸಾರಿ ಅಂಕಲ್, ಮೈನೇ ದೇಖಾ ನಹೀ, ನಾನು ನೋಡಲಿಲ್ಲ ಎಂದು ತಾಯಿಯ ಮುಖ ನೋಡಿದಳು. ತಾಯಿ ನನ್ನ ಕೈಗೆ ರಸ್ಕು ಕೊಟ್ಟರು. ಇನ್ನೊಬ್ಬರು ಸ್ವೆಟರ್ ತೆಳುವಾಯಿತಲ್ಲ ಎಂದು ಉಪಚಾರ ಹೇಳಿದರು. ವಿಕ್ರಮ್ ಭುಜದ ಮೇಲೆ ಕೈಯಿಟ್ಟು, ಈ ವಾರ ಒಮ್ಮೆ ಕೂತು ಮಾತಾಡೋಣ ಎಂದರು. ಎಲ್ಲರೂ ಸೇರಿ ನನ್ನಿಂದ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ಸ್ಪಷ್ಟವಾಗಿ ಗೊತ್ತಾಯಿತು. ಸಿಟ್ಟಿನಲ್ಲಿ ರಿಜಿಸ್ಟರ್ ಕಿತ್ತುಕೊಂಡು ಬಂದುಬಿಟ್ಟೆ.

ಆ ವಾರ ಮನೆಯಲ್ಲಿ ನಾನು ಒಬ್ಬನೇ ಇದ್ದೆ ಎಂದು ಹೇಳಲಾರೆ. ಹಾಲಿಗೆ ಹೊರಟಾಗ, ಕುಕ್ಕರ್ ಇಳಿಸುವಾಗ, ಹಗಲು ಹೊತ್ತಿನಲ್ಲೇ ಬೆನ್ನ ಹಿಂದೆ ಯಾರೋ ಮಾತು ಶುರು ಮಾಡಲು ಉಸಿರೆಳೆದುಕೊಂಡ ಹಾಗೆ ಆಗುತ್ತಿತ್ತು. ಬುಧವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ನಿಂತು ಅವಳ ಹೆಸರನ್ನು ಗಟ್ಟಿಯಾಗಿ ಕರೆದೆ. ನಲ್ಲಿಯಿಂದ ನೀರು ತೊಟ್ಟಿಕ್ಕುತ್ತಿತ್ತು, ಅದನ್ನು ನಿಲ್ಲಿಸಿ ಮತ್ತೆ ಕರೆದೆ. ಪಕ್ಕದ ಮನೆಯ ಪಂಜಾಬಿ ಮುದುಕಿ ಬಾಲ್ಕನಿಯಿಂದ ಇಣುಕಿ, ಭಾಯ್‌ಸಾಬ್ ಸಬ್ ಠೀಕ್ ಹೈ, ಎಲ್ಲ ಸರಿಯಿದೆಯಾ ಎಂದು ಕೇಳಿದಳು.

ಆ ದನಿ ಅವಳದೇ ಆಗಿದ್ದರೆ ನನಗೆ ಒಂದು ವಿಷಯ ತಿಳಿಯಬೇಕಿತ್ತು. ನನ್ನನ್ನು ಕ್ಷಮಿಸಿ ಬಂದಳೋ, ಕ್ಷಮಿಸದೆ ಬಂದಳೋ. ಅವಳು ಹೋದ ವರ್ಷ ಈಸ್ಟರ್ ಏಪ್ರಿಲ್ ನಾಲ್ಕಕ್ಕೆ ಬಿತ್ತು. ಈಸ್ಟರಿನ ದಿನ ಮಾತ್ರ ಚರ್ಚನ್ನು ನಮಗೆ ನಸುಕಿಗೇ ಬಿಟ್ಟುಕೊಡುತ್ತಾರೆ, ಮುಂಜಾನೆಯ ಆರಾಧನೆ ಆದ ಮೇಲೆ ಎಲ್ಲರೂ ಒಟ್ಟಿಗೆ ತಿಂಡಿ ತಿನ್ನುವುದು ನಮ್ಮಲ್ಲಿ ವಾಡಿಕೆ. ಊರಲ್ಲಿ ಆಗಲೇ ಕೊರೊನಾ ಏರತೊಡಗಿತ್ತು. ಸಭಾಪಾಲಕರ ಜಾಗ ಖಾಲಿಯಿತ್ತು, ತೀರ್ಮಾನ ನನ್ನದು. ಈ ಸಲ ಎಲ್ಲರೂ ಫೋನಿನಲ್ಲೇ ಸೇರೋಣ, ನನ್ನ ಮಾತು ಕೇಳಿ ಎಂದು ವೈಜಯಂತಿ ಮೂರು ದಿನ ಹೇಳಿದಳು. ಒಂದು ವರ್ಷ ಬಾಗಿಲು ಹಾಕಿದ್ದೇವೆ, ಇನ್ನೊಂದು ಈಸ್ಟರಿಗೂ ಹಾಕಿದರೆ ಜನ ತಿರುಗಿ ಬರುವುದಿಲ್ಲ, ಸಭೆ ಸತ್ತುಹೋಗುತ್ತದೆ ಎಂದು ನಾನು ಹಠ ಹಿಡಿದೆ. ಮನೆಮನೆಗೆ ಫೋನು ಮಾಡಿ ಕರೆದೆ. ಮೂವತ್ತು ಜನ ಬಂದರು, ಕಿಟಕಿ ಮುಚ್ಚಿದ ಚರ್ಚಿನೊಳಗೆ ಬಾಯಿ ತುಂಬ ಹಾಡಿದೆವು. ತಿಂಗಳು ಮುಗಿಯುವಷ್ಟರಲ್ಲಿ ಇಬ್ಬರು ಹೋದರು. ಮೊದಲು ನಮ್ಮ ಸಭೆಯ ಕರುಣಾಕರ, ಆಮೇಲೆ ವೈಜಯಂತಿ. ನಾನು ಬದುಕಿದೆ. ಇದನ್ನು ಯಾರೆದುರೂ ಬಾಯಿಬಿಟ್ಟು ಹೇಳಿರಲಿಲ್ಲ.

ಶನಿವಾರ ಬೆಳಿಗ್ಗೆ ರಿಜಿಸ್ಟರ್ ಕಂಕುಳಲ್ಲಿಟ್ಟುಕೊಂಡು ಮೆಟ್ರೊ ಹತ್ತಿದೆ. ರಾಜೌರಿ ಗಾರ್ಡನ್‌ನಲ್ಲಿ ಬದಲಾಯಿಸಿ ಸರೋಜಿನಿ ನಗರದಲ್ಲಿ ಇಳಿದೆ. ಕರುಣಾಕರನ ಹೆಂಡತಿ ಪದ್ಮಾ ಅಲ್ಲಿಯ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿದ್ದಾರೆ, ಒಂದು ಸಚಿವಾಲಯದಲ್ಲಿ ಅಸಿಸ್ಟೆಂಟ್. ಅವರು ಆ ದಿನ ಎಡಗಡೆಯ ಮೊದಲ ಬೆಂಚಿನಲ್ಲಿದ್ದರು. ಸುಳ್ಳು ಹೇಳುವ ಹೆಂಗಸಲ್ಲ, ಸಿಹಿಮಾತಿನವರೂ ಅಲ್ಲ.

ಕಾಫಿ ಕೊಟ್ಟರು. ನಾನು ಲೋಟ ಕೆಳಗಿಟ್ಟು ನೇರವಾಗಿ ಕೇಳಿದೆ. ಪದ್ಮಾ ತಮ್ಮ ಲೋಟವನ್ನೂ ಕೆಳಗಿಟ್ಟರು.

“ಅಣ್ಣ, ಉತ್ತರ ಕೊಟ್ಟಿದ್ದು ನೀವೇ.”

ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ ಎಂದೆ.

“ಎದ್ದು ನಿಂತ್ರಿ. ಟೋಪಿ ತೆಗೆದ್ರಿ. ಇದ್ದೇನೆ ಅಂದು ಕೂತ್ಕೊಂಡ್ರಿ. ಆಮೇಲೆ ನಮ್ಮ ಕಡೆ ತಿರುಗಿ ನೋಡಿದ್ರಿ, ಯಾರು ಅಂತ. ಇದು ಈ ವರ್ಷದ್ದು ಮಾತ್ರ ಅಲ್ಲ. ನೀವು ಪಟ್ಟಿ ಓದಿದ ನಾಲ್ಕು ವರ್ಷಾನೂ ಅಕ್ಕನ ಹೆಸರು ಓದ್ತಿದ್ರಿ. ನೀವೇ ಇದ್ದೇನೆ ಅಂತಿದ್ರಿ. ಮುಂದಕ್ಕೆ ಹೋಗ್ತಿದ್ರಿ.”

ನಾನು ಇಲ್ಲ ಎಂದೆ. ನಾನು ಹೆಸರು ಬಿಟ್ಟು ಓದುತ್ತಿದ್ದೆ ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು. ಪದ್ಮಾ ಉಳಿದದ್ದನ್ನೂ ಹೇಳಿದರು. ಮೊದಲ ವರ್ಷವೇ ಎಲ್ಲರೂ ಚಹಾದ ಹತ್ತಿರ ನಿಂತು, ಇದನ್ನು ಯಾರೂ ನನಗೆ ಹೇಳಬಾರದು ಎಂದು ಮಾತಾಡಿಕೊಂಡಿದ್ದರಂತೆ. ಹೊಸದಾಗಿ ಬಂದ ಯುವಕರಿಗೂ ಮೊದಲೇ ತಿಳಿಸಿಟ್ಟಿದ್ದರಂತೆ. ನನ್ನಿಂದ ಓದುವುದನ್ನು ಬಿಡಿಸಿದರೆ ಉತ್ತರವೂ ನಿಲ್ಲಬಹುದೆಂದು ವಿಕ್ರಮ್ ಪಟ್ಟಿಯನ್ನು ಅನನ್ಯಾಳಿಗೆ ಕೊಟ್ಟರಂತೆ. ಆ ಹೆಸರನ್ನು ಬಿಟ್ಟುಬಿಡು ಎಂದು ಹೇಳಲು ಅವರಿಗೂ ಬಾಯಿ ಬಂದಿರಲಿಲ್ಲ. ಇಷ್ಟು ಜನ ಇಷ್ಟು ವರ್ಷ ನನಗೋಸ್ಕರ ತಲೆ ತಗ್ಗಿಸಿ ಕೂತಿದ್ದರು ಎಂದು ತಿಳಿದು ನನಗೆ ನಾಚಿಕೆಯಾಯಿತು, ಆ ಕುರ್ಚಿಯಿಂದ ಏಳಲಾಗದಷ್ಟು ನಾಚಿಕೆ.

“ನಾನೂ ಸುಮ್ಮನಿದ್ದೆ,” ಎಂದರು ಪದ್ಮಾ. “ಆದ್ರೆ ನಮ್ಮೆಜಮಾನರ ಹೆಸರಿಗೆ ನೀವು ಮೂರನೇ ದಿನಕ್ಕೇ ಗೆರೆ ಎಳೆದ್ರಿ, ಅಣ್ಣ. ಪ್ರತಿ ಜನವರೀಲೂ ಅಕ್ಕನಿಗೆ ಉತ್ತರ ಬರೋದನ್ನ ಕೇಳ್ತಾ ಕೂತಿರ್ತಿದ್ದೆ.”

ಅದು ನಿಜ. ಜ್ವರದಲ್ಲಿ ಮಲಗಿದ್ದಲ್ಲೇ ರಿಜಿಸ್ಟರ್ ತರಿಸಿಕೊಂಡು ಎಳೆದಿದ್ದೆ. ನಿಯಮ ನಿಯಮವೇ ಎಂದುಕೊಂಡಿದ್ದೆ. ಆಗ ವೈಜಯಂತಿ ಇನ್ನೂ ಆಕ್ಸಿಜನ್ ಮೇಲಿದ್ದಳು.

ಆಗ ನಾನು ಈಸ್ಟರಿನ ವಿಷಯ ಹೇಳಿದೆ. ವೈಜಯಂತಿ ಬೇಡವೆಂದದ್ದು, ನಾನು ಕೇಳದೆ ಹೋದದ್ದು, ಕರುಣಾಕರನಿಗೆ ಎರಡು ಸಲ ಫೋನು ಮಾಡಿದ್ದು, ಎಲ್ಲ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ಅವರು ಸಮಾಧಾನ ಮಾಡಲು ಬರಲಿಲ್ಲ.

“ಗೊತ್ತು,” ಎಂದರು. “ಹಿಂದಿನ ದಿನ ಅಕ್ಕ ನಂಗೆ ಫೋನ್ ಮಾಡಿದ್ರು. ಇವರು ಕೇಳ್ತಿಲ್ಲ, ನೀವಾದ್ರೂ ಬರಬೇಡಿ ಅಂದ್ರು. ನಂಗೆ ಸುಸ್ತಾಗಿತ್ತು, ನಾನು ಹೋಗ್ಲಿಲ್ಲ. ನಮ್ಮೆಜಮಾನರನ್ನ ತಡೆಯಬಹುದಿತ್ತು. ತಡೀಲಿಲ್ಲ. ಚಟ್ನಿ ರುಬ್ಬಿ ಡಬ್ಬಿಗೆ ಹಾಕಿ ಕಳಿಸ್ದೆ.”

ಕೆಳಗೆ ರಸ್ತೆಯಲ್ಲಿ ಆಟೋಗಳು ಕೂಗುತ್ತಿದ್ದವು. ಇಷ್ಟು ವರ್ಷ ಭಾನುವಾರ ಭಾನುವಾರ ಎದುರಾಗಿ ಸ್ತೋತ್ರ ಎಂದು ಕೈ ಜೋಡಿಸಿದ್ದೆವು, ಇಬ್ಬರೂ ಇದನ್ನೇ ಹೊತ್ತುಕೊಂಡು.

ನಾನು ರಿಜಿಸ್ಟರ್ ತೆರೆದು ಕೆಂಪು ಪೆನ್ನು ತೆಗೆದೆ. ವೈಜಯಂತಿಯ ಹೆಸರಿನ ಸಾಲಿಗೆ ಬಂದೆ. ಪದ್ಮಾ ತಡೆದರು. ಗೆರೆ ಎಳೆಯುವ ಮೊದಲು ತಮ್ಮ ಯಜಮಾನರ ಹೆಸರನ್ನು ಒಂದು ಸಲ ಓದಬೇಕು ಎಂದು ಕೇಳಿದರು. ಗೆರೆ ಬಿದ್ದ ಹೆಸರನ್ನು ಓದುವಂತಿಲ್ಲ ಎನ್ನುವ ನಿಯಮ ನನ್ನ ನಾಲಿಗೆಯ ತುದಿಗೆ ಬಂದಿತ್ತು, ನುಂಗಿದೆ. ಎದ್ದು ನಿಂತೆ. ಚರ್ಚಿನಲ್ಲಿ ಓದುವ ದನಿಯಲ್ಲೇ ‘ಕರುಣಾಕರ’ ಎಂದು ಓದಿದೆ.

ಪದ್ಮಾ ಸೆರಗನ್ನು ತಲೆಗೆ ಹೊದ್ದು ಎದ್ದರು.

‘ಇದ್ದೇನೆ’ ಎಂದು ಉತ್ತರ ಬಂತು. ಅವರ ತುಟಿ ಅಲುಗಿದ್ದನ್ನು ಎರಡಡಿ ದೂರದಿಂದ ಕಣ್ಣಾರೆ ನೋಡಿದೆ. ದನಿ ಮಾತ್ರ ಕರುಣಾಕರನದು, ದಪ್ಪನೆಯದು, ಗಂಟಲು ಸರಿಮಾಡಿಕೊಂಡು ಬಂದದ್ದು. ಬೇಕಾದರೆ ಬೈಬಲ್ ಮುಟ್ಟಿ ಹೇಳುತ್ತೇನೆ. ಪದ್ಮಾ ಸುತ್ತ ಒಮ್ಮೆ ನೋಡಿದರು, ಯಾರು ಮಾತಾಡಿದರು ಎನ್ನುವ ಹಾಗೆ. ಆಮೇಲೆ ಕೂತರು.

ಅವರಿಗೆ ಅದು ಒಂದೇ ಸಲ ಸಿಕ್ಕಿತು. ನನಗೆ ಐದು ಸಲ ಸಿಕ್ಕಿತ್ತು. ವೈಜಯಂತಿಯ ಹೆಸರಿನ ಮೇಲೆ ಗೆರೆ ಎಳೆದೆ, ಅದು ಸೊಟ್ಟಗೆ ಹೋಯಿತು. ಪಕ್ಕದಲ್ಲಿ ತಾರೀಖು ಬರೆಯಲು ಹೋದರೆ, ಸಭೆಯ ಎಲ್ಲರ ತಾರೀಖು ಬಾಯಿಪಾಠ ಇರುವ ನನಗೆ ನನ್ನ ಹೆಂಡತಿ ಸತ್ತ ತಾರೀಖು ಗೊತ್ತಿರಲಿಲ್ಲ. ಪದ್ಮಾ ಹೇಳಿದರು, ನಾನು ಬರೆದುಕೊಂಡೆ.