ಪಾಲೆಗುಡ್ಡೆಯ ಸೊಟ್ಟ ಗೋಡೆ

ಮಂಜೇಶ್ವರದಾಚೆ ಪಾಲೆಗುಡ್ಡೆಯಲ್ಲಿ ಮಿಶನ್ ಚರ್ಚು ಎದ್ದದ್ದು ಮೂವತ್ತೊಂದರಲ್ಲಿ. ಅದಕ್ಕೆ ಕೆಂಪುಕಲ್ಲು ಹೊತ್ತವರಲ್ಲಿ ಎಸ್ತೇರಿಯೂ ಒಬ್ಬಳು, ಮಗ ಪ್ರೇಮನಾಥ ಆಗ ಹೊಟ್ಟೆಯಲ್ಲಿದ್ದ. ಹಂಚು ಹೊದಿಸುವಷ್ಟರಲ್ಲಿ ಗಂಡ ಜ್ವರದಲ್ಲಿ ಹೋದ. ಅಂದಿನಿಂದ ಚರ್ಚಿನ ಕಸ ಗುಡಿಸುವುದು, ಬೆಂಚು ಒರಸುವುದು ಅವಳ ಪಾಲಿಗೆ ಬಂತು. ದೇವರ ಕೆಲಸಕ್ಕೆ ಸಂಬಳ ಕೇಳಬಾರದು ಎಂದು ಸಭೆಯ ಹಿರಿಯರೇ ತಿಳಿಹೇಳಿದ್ದರು.

ಹುಡುಗ ಪ್ರಾಯಕ್ಕೆ ಬಂದವನು ಒಮ್ಮೆ ಭೂತಕೋಲಕ್ಕೆ ಹೋದ, ಅಲ್ಲಿ ಕಳ್ಳೂ ಕುಡಿದ. ನಾಲ್ಕು ಮಾತು ಬುದ್ಧಿ ಹೇಳಲಿ ಎಂದು ಎಸ್ತೇರಿಯೇ ಹಿರಿಯ ಇಮ್ಮಾನುವೇಲರ ಕಿವಿಗೆ ಹಾಕಿದಳು. ಪಾಪ, ಸಾಧು ಹೆಂಗಸು. ಆ ಮನುಷ್ಯನಿಗೆ ಬುದ್ಧಿ ಹೇಳುವುದಕ್ಕಿಂತ ಮರ್ಯಾದೆ ತೆಗೆಯುವುದು ರುಚಿ. ಭಾನುವಾರದ ಆರಾಧನೆಯಲ್ಲಿ ಹುಡುಗನನ್ನು ಎಲ್ಲರೆದುರು ನಿಲ್ಲಿಸಿ, ಹೆಸರು ಕೂಗಿ, ಸಭೆಯಿಂದ ಹೊರಗೆ ಹಾಕಿದರು. ಮರುದಿನ ಬೆಳಿಗ್ಗೆ ಅವನ ಹೆಣ ಬಾವಿಯಲ್ಲಿ ಸಿಕ್ಕಿತು.

ತಾನಾಗಿ ಸತ್ತವನಿಗೆ ಗಂಟೆಯಿಲ್ಲ, ಪ್ರಾರ್ಥನೆಯಿಲ್ಲ, ಸಮಾಧಿ ತೋಟದಲ್ಲಿ ಜಾಗವೂ ಇಲ್ಲ. ಎಸ್ತೇರಿ ಮಗನನ್ನು ತನ್ನ ಹಿತ್ತಿಲ ತುದಿಯಲ್ಲಿ, ಗೇರುಮರದ ಬುಡದಲ್ಲಿ ಹೂಳಿಸಿದಳು. ದೂರು ಹೇಳಿದ್ದು ತಾನೇ ಎಂಬುದು ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು. ಅವನೂ ಒಮ್ಮೆ ಒಳಗಿನವನಾಗಲಿ, ಆಮೇಲೆ ತಾನು ಸತ್ತರೂ ಸರಿ ಎಂದುಕೊಂಡು ಬದುಕಿದಳು.

ಐವತ್ತೆರಡರಲ್ಲಿ ಸಮಾಧಿ ತೋಟ ತುಂಬಿತು. ಇಮ್ಮಾನುವೇಲರು ಅವಳ ಜಗಲಿಗೆ ಬಂದು, ಕೊಟ್ಟ ಕಾಫಿ ಕುಡಿದು, ಪಕ್ಕದ ಈ ಹಿತ್ತಿಲು ಸಭೆಗೆ ಸಿಕ್ಕಿದರೆ ಅದರ ಅಂಚಿಗೇ ಗೋಡೆ ಕಟ್ಟಬಹುದಿತ್ತು ಎಂದರು. ಎಸ್ತೇರಿಗೆ ದೇವರೇ ಬಂದು ಕೇಳಿದಂತಾಯಿತು. ಗೋಡೆ ಅಂಚಿಗೆ ಹೋದರೆ ಮಗ ಒಳಗೆ ಬಂದಂತೆಯೇ. ಎರಡನೇ ಮಾತಿಲ್ಲದೆ ಹೆಬ್ಬೆಟ್ಟು ಒತ್ತಿದಳು.

ಕಲ್ಲು ಕಟ್ಟುವ ಕುಂಞ ನೂಲು ಹಿಡಿದದ್ದು ನೇರವಾಗಿಯೇ. ಗೋರಿ ಒಳಗೆ ಬರುತ್ತಿತ್ತು. ಎಸ್ತೇರಿ ಬಾಗಿದ ಬೆನ್ನಿನಲ್ಲೂ ಅವನಿಗೆ ಕಲ್ಲು ಹೊತ್ತು ಕೊಟ್ಟಳು. ಮೂರನೆಯ ದಿನ ಇಮ್ಮಾನುವೇಲರು ಬಂದು ಗೂಟ ಕೀಳಿಸಿದರು. ನೂಲು ಗೇರುಮರದ ಹತ್ತಿರ ಒಳಕ್ಕೆ ಬಾಗಿ, ಗೋರಿಯನ್ನು ಹೊರಗೇ ಬಿಟ್ಟು ಮುಂದೆ ಹೋಯಿತು. ಗೋಡೆ ಸೊಟ್ಟಗಾಗುತ್ತದೆ ಎಂದು ಕುಂಞ ಗೊಣಗಿದ. ಆಗಲಿ ಎಂದರು.

"ಜಾಗ ಕೊಟ್ಟದ್ದೇ ಅವನಿಗೋಸ್ಕರ, ಹಿರಿಯರೇ," ಎಂದಳು ಎಸ್ತೇರಿ.

"ಸಭೆ ಜಾಗವನ್ನು ತೆಗೆದುಕೊಂಡಿತು ಎಸ್ತೇರಕ್ಕ. ಅವನನ್ನು ತೆಗೆದುಕೊಳ್ಳುತ್ತೇವೆ ಅಂತ ಯಾರು ಹೇಳಿದ್ದು?"

ಅವಳು ಕೈಮುಗಿದಳು, ಕಾಲು ಹಿಡಿದಳು. ಹಾಗಾದರೆ ಸತ್ತ ಮೇಲೆ ತನ್ನನ್ನೂ ಹೊರಗೆ, ಮಗನ ಪಕ್ಕದಲ್ಲೇ ಹಾಕಿ ಎಂದು ಕೊನೆಗೆ ಬೇಡಿಕೊಂಡಳು. ಇಮ್ಮಾನುವೇಲರಿಗೆ ನಿಜಕ್ಕೂ ಬೇಸರವಾಯಿತು.

"ಎಂತ ಮಾತು ಅಕ್ಕ ಇದು? ಜಾಗ ಕೊಟ್ಟವಳನ್ನು ಹೊರಗೆ ಹಾಕಿದರೆ ಸಭೆಗೆ ಮರ್ಯಾದೆ ಉಂಟಾ?"

ಮುಂದಿನ ಮಳೆಗಾಲದಲ್ಲಿ ಅವಳು ತೀರಿಕೊಂಡಾಗ ಗಂಟೆ ಬಾರಿಸಿದ್ದೇ ಬಾರಿಸಿದ್ದು. ಕೀರ್ತನೆ ಹಾಡಿ, ಹೋಗಿ ಬರುವವರಿಗೆಲ್ಲ ಹೆಸರು ಕಾಣಲಿ ಎಂದು ಗೇಟಿನ ಪಕ್ಕದಲ್ಲೇ ಮಣ್ಣು ಮಾಡಿದರು. ಅಲ್ಲಿಂದ ಗೇರುಮರ ಕಾಣುವುದಿಲ್ಲ.